ಮೊಳೆ ಕೀಳುವ ಕೆಲಸ

ಕೈ ಎತ್ತಿದವರು ಮೆಟ್ಟಿಲಿಳಿಯಬೇಕು. ಆ ಮನೆಗೆ ಇದ್ದದ್ದು ಇದೊಂದೇ ಕಾನೂನು, ಮಾಡಿದವಳು ಸೊಸೆ. ಮದುವೆಯಾಗಿ ಬಂದ ಮೂರನೇ ವಾರದಲ್ಲೇ ಮಾವ ಊಟದ ಹೊತ್ತಿಗೆ ಅತ್ತೆಯ ಮುಖಕ್ಕೆ ತಟ್ಟೆ ಬೀಸಿದ್ದ. ಸೊಸೆ ಕೈಯಲ್ಲಿದ್ದ ತುತ್ತು ಕೆಳಗಿಟ್ಟು ಎದ್ದು ನಿಂತಳು. ಇನ್ನು ಈ ಮನೆಯಲ್ಲಿ ಯಾರು ಯಾರ ಮೇಲೆ ಕೈ ಎತ್ತಿದರೂ ಕೆಳಗೆ ಮರಗೆಲಸದ ಶೆಡ್ಡಿನಲ್ಲೇ ಉಣ್ಣಬೇಕು, ಅಲ್ಲೇ ಮಲಗಬೇಕು, ತಾನು ಕರೆಯುವ ತನಕ ಮೇಲೆ ಹತ್ತಕೂಡದು, ಆಗದಿದ್ದರೆ ಹೇಳಿ, ಈಗಲೇ ತವರಿಗೆ ಹೊರಟೆ ಎಂದಳು. ಬೀದಿಯವರೆಲ್ಲ ದೊಡ್ಡ ಮೇಸ್ತ್ರಿ ಎಂದು ಕರೆಯುತ್ತಿದ್ದ, ಕೆಮ್ಮಿದರೆ ಆಳುಗಳು ಗರಗಸ ಕೆಳಗಿಡುತ್ತಿದ್ದ ಆ ಮನುಷ್ಯ ಅದೇನೆಂದುಕೊಂಡನೋ, ತೆಪ್ಪಗೆ ಇಳಿದುಹೋದ. ಒಂಬತ್ತು ದಿನ ಮರದ ಹೊಟ್ಟಿನ ಮೇಲೆ ಮಲಗಿದ. ಅಲ್ಲಿಂದ ಹದಿನೆಂಟು ವರ್ಷ ಆ ಮನೆಯಲ್ಲಿ ಏಟಿನ ಸದ್ದು ಕೇಳಲಿಲ್ಲ.

ಸೊಸೆಗೆ ಜಂಬ ಪಡಲು ಬೇರೇನೂ ಇರಲಿಲ್ಲ. ಓದಿದ್ದು ಅಷ್ಟಕ್ಕಷ್ಟೇ, ರೂಪವೂ ಹಾಗೇ. ಈ ಹದಿನೆಂಟು ವರ್ಷವೊಂದನ್ನು ಅವಳು ಒಡವೆಯ ಹಾಗೆ ಕಾಪಾಡಿಕೊಂಡು ಬಂದಿದ್ದಳು. ಅವಳ ಗಂಡನ ಎಡಗಿವಿ ಎಂಟನೇ ವಯಸ್ಸಿಗೇ ಅಪ್ಪನ ಏಟಿಗೆ ಮಂದವಾಗಿತ್ತು. ಅವನು ಸಾಧು ಪ್ರಾಣಿ, ಮರದ ಜೊತೆಗೂ ಮೆಲ್ಲಗೆ ಮಾತಾಡುವವನು. ಆದರೂ ಆ ಮೈಯಲ್ಲಿ ಅಪ್ಪನ ಕೈ ಎಲ್ಲೋ ಅಡಗಿ ಕೂತಿದೆ, ಒಂದು ದಿನ ಹೊರಗೆ ಬರುತ್ತದೆ ಎಂಬ ಭಯ ಅವಳನ್ನು ಬಿಟ್ಟಿರಲಿಲ್ಲ. ತನ್ನ ಕೈಯ ಬಗ್ಗೆ ಅವಳಿಗೆ ಯಾವ ಅನುಮಾನವೂ ಇರಲಿಲ್ಲ.

ಕೆಳಗೆ ಶೆಡ್ಡು, ಮೇಲೆ ಮನೆ. ಕೆಳಗೆ ಗಂಡ ಮಂಚ, ಕುರ್ಚಿ, ಬೀರು ಮಾಡುತ್ತಿದ್ದ. ಮೇಲೆ ಪಡಸಾಲೆಯಲ್ಲಿ ಅವಳು ಸೋಫಾಗಳಿಗೆ ಬಟ್ಟೆ ಹೊಲಿದು ಮೊಳೆ ಬಡಿಯುತ್ತಿದ್ದಳು. ಅತ್ತೆ ತೀರಿಕೊಂಡು ಬಹಳ ವರ್ಷವಾಗಿತ್ತು. ಒಬ್ಬಳೇ ಮಗಳು, ಹದಿನಾರು ತುಂಬಿದವಳು. ಮಗಳಿಗೊಂದು ನಾಯಿ. ಮರದ ಪುಡಿಯ ಬಣ್ಣದ್ದು, ಪುಡಿಯಲ್ಲೇ ಮಲಗುವಂಥದ್ದು, ಹಾಗಾಗಿ ಅದರ ಹೆಸರು ಹೊಟ್ಟು.

ಎರಡು ವರ್ಷದಿಂದ ಮುದುಕನ ತಲೆ ಸಡಿಲವಾಗುತ್ತಿತ್ತು. ಆದರೂ ಬೆಳಗಾದರೆ ಶೆಡ್ಡಿಗಿಳಿಯದೆ ಇರಲಾರ. ಇಳಿದರೆ ಸುಮ್ಮನಿರಲಾರ. ಯಾರದೋ ಊಟದ ಮೇಜಿನ ಕಾಲು ಗೇಣುದ್ದ ಕತ್ತರಿಸಿಟ್ಟ ದಿನ ಗಂಡ ತಲೆ ಮೇಲೆ ಕೈ ಹೊತ್ತು ಕೂತ. ಆಗ ಉಪಾಯ ಹೇಳಿದವಳು ಸೊಸೆಯೇ. ಹಳೇ ಹಲಗೆಗೆ ನಲವತ್ತು ಮೊಳೆ ಹೊಡೆದು ಮುದುಕನ ಮುಂದಿಡುವುದು. ಅವನು ಇಕ್ಕಳ ಹಿಡಿದು ಸಂಜೆಯ ತನಕ ಒಂದೊಂದೇ ಕೀಳುತ್ತಾನೆ, ಬಾಗಿದ್ದನ್ನು ತಟ್ಟಿ ನೇರ ಮಾಡುತ್ತಾನೆ, ಕೊನೆಗೆ ಕೆಲಸ ಮುಗಿಯಿತೆಂದು ಹಲಗೆಯ ತುದಿಯಲ್ಲಿ ಪೆನ್ಸಿಲ್ಲಿನಿಂದ ತನ್ನ ಗುರುತು ಹಾಕುತ್ತಾನೆ: ಮೂರು ಗೀಟು, ಅಡ್ಡಕ್ಕೊಂದು. ಅವನು ಮೇಲೆ ಹತ್ತಿದ ಮೇಲೆ ಮಗ ಆ ಗುರುತನ್ನು ಉಪ್ಪುಕಾಗದದಲ್ಲಿ ಉಜ್ಜಿ ಅಳಿಸಿ, ಅದೇ ಮೊಳೆಗಳನ್ನು ಅದೇ ಹಲಗೆಗೆ ಮತ್ತೆ ಹೊಡೆಯುತ್ತಾನೆ. ಬೆಳಗ್ಗೆ ಮುದುಕನಿಗೆ ಹೊಸ ಕೆಲಸ. ಏಳು ತಿಂಗಳು ಹೀಗೇ ನಡೆಯಿತು. ಊಟದ ಹೊತ್ತಿಗೆ ಮುದುಕ, "ಇವತ್ತೂ ನಲವತ್ತು ಕಿತ್ತೆ" ಎಂದು ಎದೆಯುಬ್ಬಿಸಿ ಹೇಳುವುದು, ಇವರು ಮೂವರು ತಟ್ಟೆ ನೋಡಿಕೊಂಡು ನಗು ನುಂಗುವುದು. ಪಾಪ ಅನಿಸುತ್ತಿತ್ತು, ನಗುವೂ ಬರುತ್ತಿತ್ತು.

ಒಂದು ಸಂಜೆ ಮಂಚವೊಂದನ್ನು ಗಾಡಿಗೇರಿಸುವ ಗಡಿಬಿಡಿಯಲ್ಲಿ ಗಂಡ ಮೊಳೆ ಹೊಡೆದ, ಗುರುತು ಅಳಿಸುವುದನ್ನು ಮರೆತ.

ಮಾರನೆಯ ಬೆಳಗ್ಗೆ ಮುದುಕ ಹಲಗೆಯನ್ನು ತೊಡೆಯ ಮೇಲಿಟ್ಟುಕೊಂಡು ಬಹಳ ಹೊತ್ತು ನೋಡಿದ.

"ಇದರ ಮೇಲೆ ನನ್ನ ಗುರುತಿದೆಯಲ್ಲೋ."

"ನಿನ್ನೆ ಹಾಕಿರ್ತೀಯ ಅಪ್ಪ."

"ಕೆಲಸ ಮುಗಿದ ಮೇಲೆ ಹಾಕೋ ಗುರುತು. ಮುಗಿದಿದ್ರೆ ಈ ಮೊಳೆ ಎಲ್ಲಿಂದ ಬಂತು?"

ಮಗ ರಂಧ್ರ ಕೊರೆಯುತ್ತಿದ್ದವನು ತಲೆ ಎತ್ತಲಿಲ್ಲ. ಸುಳ್ಳು ಹೇಳಿ ಅಭ್ಯಾಸವಿದ್ದವನಾಗಿದ್ದರೆ ಏನಾದರೂ ಹೇಳುತ್ತಿದ್ದ. ಮುದುಕನಿಗೆ ಎಷ್ಟೋ ತಿಂಗಳಿಗೊಮ್ಮೆ ಬರುವ ಬುದ್ಧಿ ಆ ಗಳಿಗೆಗೇ ಪೂರ್ತಿಯಾಗಿ ಬಂತು. ಬೆಂಚಿನ ಮೇಲಿದ್ದ ಸುತ್ತಿಗೆ ಎತ್ತಿ ಮಗನ ತಲೆಗೆ ಗುರಿಯಿಟ್ಟು ಬೀಸಿ ಒಗೆದ. ಕೈ ನಡುಗಿ ಗುರಿ ತಪ್ಪಿತು. ಸುತ್ತಿಗೆ ಹೋಗಿ ಹೊಟ್ಟಿನ ಗುಡ್ಡೆಯಲ್ಲಿ ಮಲಗಿದ್ದ ನಾಯಿಯ ಹಿಂಗಾಲಿಗೆ ಬಿತ್ತು. ಒಣಗಿದ ರೆಂಬೆ ಮುರಿದ ಸದ್ದು, ಅದರ ಹಿಂದೆಯೇ ನಾಯಿಯ ಚೀತ್ಕಾರ. ಮೇಲೆ ಸೊಸೆ ಸೂಜಿ ಕೈಯಲ್ಲಿ ಹಿಡಿದೇ ಇಳಿದು ಬರುವ ಹೊತ್ತಿಗೆ, ಅವಳು ಹದಿನೆಂಟು ವರ್ಷ ಹೆದರಿಕೊಂಡಿದ್ದು ನಡೆಯುತ್ತಿತ್ತು. ಗಂಡ ಅಪ್ಪನ ಕುತ್ತಿಗೆಪಟ್ಟಿ ಹಿಡಿದು ಗೋಡೆಗೊತ್ತಿ ಕೆನ್ನೆಗೆ ಬಾರಿಸುತ್ತಿದ್ದ. ಒಂದಲ್ಲ, ಎರಡಲ್ಲ. ಮುದುಕ ಕಣ್ಣು ಪಿಳುಕಿಸದೆ ಏಟು ತಿನ್ನುತ್ತ ನಿಂತಿದ್ದ. ಕುಂಬಾರನಿಗೆ ವರುಷ, ದೊಣ್ಣೆಗೆ ನಿಮಿಷ ಅನ್ನುತ್ತಾರಲ್ಲ, ಅಷ್ಟೇ.

ಸೊಸೆ ನಾಯಿಯನ್ನು ಸೋಫಾದ ಬಟ್ಟೆಯಲ್ಲಿ ಸುತ್ತಿ, ಅಳುತ್ತಿದ್ದ ಮಗಳ ಕೈಗೆ ಕೊಟ್ಟು, ಆಟೋ ಹಿಡಿದು ನಾಯಿ ಡಾಕ್ಟರ ಹತ್ತಿರ ಓಡು ಎಂದಳು. ಮುದುಕನನ್ನು ಕೈ ಹಿಡಿದು ಮೇಲೆ ಹತ್ತಿಸಿದಳು. ಆಮೇಲೆ ಗಂಡನ ಹಾಸಿಗೆ ಸುತ್ತಿಕೊಂಡು ಬಂದು ಬೆಂಚಿನ ಮೇಲಿಟ್ಟಳು.

"ನನ್ನ ತಲೆಗೆ ಸುತ್ತಿಗೆ ಎಸೆದವನಿಗೆ ಮೇಲಿನ ಮಂಚ. ನನಗೆ ಹೊಟ್ಟು" ಅಂದ ಗಂಡ.

"ಅವರಿಗೆ ಬುದ್ಧಿ ಇಲ್ಲ ರೀ. ನಿಮಗಿದೆ."

"ಬುದ್ಧಿ ಇದ್ದಾಗಲೂ ಹೊಡೆದ ಕಣೇ ಅವನು. ಬುದ್ಧಿ ಇದ್ದಾಗಲೇ ಜಾಸ್ತಿ ಹೊಡೆದ."

ಕಾನೂನಿಗೆ ಉತ್ತರ ಬೇಕಾಗಿಲ್ಲ ಎಂದುಕೊಂಡು ಮೆಟ್ಟಿಲು ಹತ್ತಿದಳು.

ನಾಯಿಯ ಮೂಳೆ ಎರಡು ತುಂಡಾಗಿತ್ತು. ಡಾಕ್ಟರಮ್ಮ ಚರ್ಮದ ಹೊರಗಿನಿಂದಲೇ ನಾಲ್ಕು ಉಕ್ಕಿನ ಕಡ್ಡಿಗಳನ್ನು ಮೂಳೆಗೆ ತೂರಿಸಿ, ಹೊರಗೆ ಚಾಚಿಕೊಂಡ ತುದಿಗಳನ್ನು ಒಂದು ಲೋಹದ ಪಟ್ಟಿಗೆ ಬಿಗಿದು ಕಳಿಸಿದರು. ಆರು ವಾರ ಕಾಲೂರಬಾರದು, ಕಡ್ಡಿ ಅಲುಗಬಾರದು, ಅಲುಗಿದರೆ ಕಾಲೇ ಹೋಗುತ್ತದೆ ಎಂದು ಮೂರು ಸಲ ಹೇಳಿದರು. ಮೂತ್ರಕ್ಕೂ ಎತ್ತಿಕೊಂಡೇ ಕೆಳಗಿಳಿಸಬೇಕು.

ಗಾಯದ ಮೇಲೆ ಬರೆ ಎಂಬಂತೆ ಮುದುಕನೂ ಅದೇ ವಾರ ಕುಸಿದ. ಶೆಡ್ಡಿಗಿಳಿಯುವುದನ್ನು ತಾನಾಗಿಯೇ ಬಿಟ್ಟ. ಚಮಚ ಹಿಡಿದ ಕೈ ಬಾಯಿಯ ದಾರಿ ಮರೆಯತೊಡಗಿತು. ಪಂಚೆ ಒದ್ದೆಯಾದದ್ದು ಗೊತ್ತಾಗುತ್ತಿರಲಿಲ್ಲ. ಆಸ್ಪತ್ರೆಗೆ ಕರೆದೊಯ್ದಾಗ ಡಾಕ್ಟರು, ತಲೆಯೊಳಗೆ ಸಣ್ಣ ಸಣ್ಣ ರಕ್ತನಾಳಗಳು ಕಟ್ಟಿಕೊಳ್ಳುತ್ತಿವೆ, ಇನ್ನು ಒಂದೊಂದೇ ಮೆಟ್ಟಿಲು ಇಳಿಯುತ್ತಾರೆ, ಹತ್ತುವುದಿಲ್ಲ ಎಂದರು. ಕೆನ್ನೆ ಕಂದಿದ್ದು ನೋಡಿ ಏನಿದು ಎಂದು ಕೇಳಿದರು. ಮಗ ಹೊಡೆದ ಎಂದು ಸೊಸೆ ಇದ್ದದ್ದು ಇದ್ದ ಹಾಗೆ ಹೇಳಿದಳು. ಡಾಕ್ಟರು ಅವಳನ್ನೇ ನೋಡಿದರು. ಸುಳ್ಳು ಹೇಳಿ ಬಚ್ಚಿಡುವ ಹೆಂಗಸರನ್ನು ನೋಡಿ ನೋಡಿ ಅವರಿಗೆ ಇದು ಹೊಸದು.

ಈಗ ಮನೆಯಲ್ಲಿ ರೋಗಿಗಳು ಇಬ್ಬರು, ಗಂಜಿ ಒಂದೇ ಪಾತ್ರೆಯದು. ಅರ್ಧಕ್ಕೆ ಉಪ್ಪು ಹಾಕಿದರೆ ಮುದುಕನದು, ಹಾಕದಿದ್ದರೆ ಹೊಟ್ಟುವಿನದು. ಗಂಡ ಕೆಳಗೆ ಒಬ್ಬನೇ ಉಣ್ಣುತ್ತಿದ್ದ, ತಟ್ಟೆ ಕೊಂಡೊಯ್ಯುವುದು ಮಗಳ ಪಾಲಿಗೆ. ಮಾತ್ರೆಯನ್ನು ಬೇಯಿಸಿದ ಮೊಟ್ಟೆಯೊಳಗೆ ಅಡಗಿಸಿ ಕೊಟ್ಟರೆ ನಾಯಿ ಮೊಟ್ಟೆ ತಿಂದು ಮಾತ್ರೆ ಉಗಿಯುತ್ತಿತ್ತು. ಮುದುಕ ಎಲ್ಲ ಮರೆತರೂ ನಾಯಿಯನ್ನು ನೋಡಿ ಆ ವಿದ್ಯೆಯೊಂದನ್ನು ಎರಡೇ ದಿನದಲ್ಲಿ ಕಲಿತುಬಿಟ್ಟ. ನಾಯಿಗೆ ಮೊದಲು ಮೊಟ್ಟೆ ಕೊಟ್ಟಿರಿ ಎಂದು ಮುನಿಸಿಕೊಂಡು ಒಂದು ಮಧ್ಯಾಹ್ನ ಬಟ್ಟಲು ಕವುಚಿದ. ನೆಲ ಒರೆಸಿ ಸೊಸೆ ಹೊಲಿಗೆಗೆ ಕೂತರೆ ನಾಯಿ ಕುಂಯ್ ಎನ್ನುತ್ತಿತ್ತು. ನಾಯಿಯನ್ನು ಎತ್ತಿ ಇಳಿಸಿ ಬಂದರೆ ಮುದುಕನ ಪಂಚೆ ಒದ್ದೆ. ಒಪ್ಪಿಕೊಂಡ ಎರಡು ಸೋಫಾ ಅಸ್ಥಿಪಂಜರದ ಹಾಗೆ ಪಡಸಾಲೆಯಲ್ಲಿ ನಿಂತಿದ್ದವು.

ಮುದುಕನ ಕೈಗಳು ಮಾತ್ರ ಸುಮ್ಮನಿರಲಾರವು. ಅಂಗಿಯ ಗುಂಡಿ ಕಿತ್ತ. ಅವಳು ಬಡಿದು ಮುಗಿಸಿದ್ದ ಒಂದು ಕುರ್ಚಿಯಿಂದ ಹಿತ್ತಾಳೆ ಮೊಳೆಗಳನ್ನೆಲ್ಲ ಕಿತ್ತು ಸಾಲಾಗಿ ಕಿಟಕಿಯಲ್ಲಿಟ್ಟ. ಇಕ್ಕಳ ಕಿತ್ತುಕೊಂಡರೆ ಮಗುವಿನ ಹಾಗೆ ಅತ್ತ. ಹೋಗಲಿ, ಅದೊಂದು ಇರಲಿ ಎಂದು ಅವಳೇ ಇಕ್ಕಳವನ್ನು ಅವನ ಕೈಗೆ ಕೊಟ್ಟಳು.

ಹದಿನೈದನೇ ದಿನ ಮುದುಕನನ್ನು ಬಚ್ಚಲಿಗೆ ಎತ್ತಿ ಕೂರಿಸುವುದು ಅವಳೊಬ್ಬಳಿಂದ ಆಗದೆ, ಮೆಟ್ಟಿಲ ಮೇಲೆ ನಿಂತು ಗಂಡನನ್ನು ಕರೆದಳು. ಅವನು ಹಾಸಿಗೆ ಸುತ್ತಿಕೊಂಡು ಹತ್ತಿ ಬಂದ, ಅಪ್ಪನನ್ನು ಎತ್ತಿದ, ತೊಳೆದ, ಪಂಚೆ ಉಡಿಸಿದ. ಕಾನೂನು ಉಳಿಯಿತು ಎಂದು ಸೊಸೆ ಆ ದಿನ ಹೊಟ್ಟೆ ತುಂಬ ಉಂಡಳು.

ಆದರೆ ಮುದುಕ ಬೆಳಗ್ಗೆ ಸರಿಯಾಗಿ ತಿನ್ನುತ್ತಿಲ್ಲವೇಕೆ ಎಂಬುದು ಅವಳ ತಲೆಗೆ ಹತ್ತಲಿಲ್ಲ. ರಾತ್ರಿ ಚೆನ್ನಾಗಿಯೇ ಮಲಗುತ್ತಿದ್ದ. ಎದ್ದ ಅರ್ಧ ಗಂಟೆಗೆ ಮೂಲೆ ಹಿಡಿದು ಕಣ್ಣೀರು ಸುರಿಸುತ್ತಿದ್ದ. ಮೂರನೇ ವಾರದಲ್ಲಿ ಒಂದು ದಿನ ಬಾಗಿಲ ಹಿಂದೆ ನಿಂತು ಕೇಳಿದಳು. ಒಳಗೆ ಮುದುಕ ನಾಯಿಯ ತಲೆ ನೇವರಿಸುತ್ತ, ಯಾವ ಕಟುಕ ಇದರ ಕಾಲು ಮುರಿದದ್ದು, ಯಾರೆಂದು ಹೇಳು ಮಗು, ಅವನ ಕೈ ಮುರಿಯುತ್ತೇನೆ ಎನ್ನುತ್ತಿದ್ದ.

"ನೀನೇ ತಾತ" ಅಂದಳು ಮಗಳು, ಕನ್ನಡಿ ನೋಡಿಕೊಂಡು ಜಡೆ ಹೆಣೆಯುತ್ತ. "ಸುತ್ತಿಗೆಯಲ್ಲಿ ಹೊಡೆದೆ. ಅದು ಮಲಗಿತ್ತು."

ಮುದುಕನ ಮುಖ ಬಿಳುಚಿಕೊಂಡಿತು. ಮೊದಲ ಸಲ ಕೇಳಿದವನ ಹಾಗೆ. ಅವನಿಗದು ಮೊದಲ ಸಲವೇ. ದಿನಾ ಬೆಳಗ್ಗೆ ಮೊದಲ ಸಲವೇ.

ಸೊಸೆ ಮಗಳನ್ನು ಪಡಸಾಲೆಗೆ ಎಳೆದಳು. ಎಷ್ಟು ದಿನದಿಂದ ನಡೆಸಿದ್ದೀಯ ಎಂದು ಕೇಳಿದಳು. ಮೊದಲಿನಿಂದ ಎಂದಳು ಮಗಳು.

"ಅವರಿಗೆ ಎಷ್ಟು ನೋವಾಗುತ್ತೆ ಗೊತ್ತಾಗಲ್ವೇನೇ ನಿನಗೆ?"

"ಹೊಟ್ಟುಗೂ ಆಗುತ್ತೆ. ಅದು ಸಾಯಂಕಾಲ ಮರೆಯಲ್ಲ."

"ಇದೂ ಹೊಡೆದ ಹಾಗೇ ಕಣೇ."

"ಕೈ ಎತ್ತಿದ್ನಾ ನಾನು?"

ಹುಡುಗಿ ಚೀಲ ಹೆಗಲಿಗೇರಿಸಿಕೊಂಡು ಕಾಲೇಜಿಗೆ ಹೋದಳು. ಇನ್ನೊಮ್ಮೆ ಹೇಳಿದರೆ ನೋಡು ಎಂದು ಸೊಸೆ ಬೆನ್ನ ಹಿಂದೆ ಗದರಿದಳು. ನೋಡು ಎಂದರೆ ಏನು ನೋಡುವುದು, ಅವಳಿಗೇ ಗೊತ್ತಿರಲಿಲ್ಲ. ಅವಳಿಗೆ ಗೊತ್ತಿಲ್ಲವೆಂಬುದು ಮಗಳಿಗೂ ಗೊತ್ತಿತ್ತು.

ನಾಲ್ಕನೇ ವಾರದ ಗುರುವಾರ. ಸೋಫಾದವರು ಎರಡು ಸಲ ಆಳು ಕಳಿಸಿಯಾಗಿತ್ತು, ಮೂರನೇ ಸಲ ತಾವೇ ಬಂದು ಬಾಯಿಗೆ ಬಂದಂತೆ ಅಂದು ಹೋಗಿದ್ದರು. ಸೊಸೆ ಮುದುಕನಿಗೂ ನಾಯಿಗೂ ಗಂಜಿ ಮುಗಿಸಿ, ಕೋಣೆಯಲ್ಲಿ ಇಬ್ಬರೂ ಮಲಗಿದ್ದು ನೋಡಿ, ಹೊಲಿಗೆ ಯಂತ್ರಕ್ಕೆ ಕೂತಳು. ದಪ್ಪ ರೆಕ್ಸಿನ್ನು, ಯಂತ್ರದ ಸದ್ದಿಗೆ ಕಿವಿ ಗವ್ವೆನ್ನುತ್ತಿತ್ತು. ದಾರ ತುಂಡಾಗಿ ಯಂತ್ರ ನಿಂತಾಗ ಕೋಣೆಯಿಂದ ಇನ್ನೊಂದು ಸದ್ದು ಕೇಳಿತು. ಬಾಯಿ ಕಟ್ಟಿದ ಪ್ರಾಣಿಯ ನರಳಾಟ, ನೆಲಕ್ಕೆ ಉಗುರು ಕೆರೆಯುವುದು. ಕೈಯಲ್ಲಿದ್ದ ಅಳತೆ ಕೋಲಿನೊಡನೆ ಓಡಿದಳು.

ಮುದುಕ ನೆಲದ ಮೇಲೆ ಕೂತು ನಾಯಿಯನ್ನು ಎರಡು ಮೊಣಕಾಲುಗಳ ನಡುವೆ ಒತ್ತಿ ಹಿಡಿದಿದ್ದ, ಹಲಗೆ ಹಿಡಿಯುವ ಹಾಗೆ. ಅದರ ಮೂತಿಗೆ ತನ್ನ ಟವೆಲು ಸುತ್ತಿದ್ದ. ಪಟ್ಟಿ ಕಳಚಿ ಬಿದ್ದಿತ್ತು. ಎರಡು ಉಕ್ಕಿನ ಕಡ್ಡಿಗಳು ರಕ್ತ ಮೆತ್ತಿಕೊಂಡು ಅವನ ಪಕ್ಕದಲ್ಲಿ ನೇರವಾಗಿ ಸಾಲಾಗಿದ್ದವು. ಮೂರನೆಯದು ಇಕ್ಕಳದ ಬಾಯಲ್ಲಿತ್ತು, ಅವನು ಅದನ್ನು ಎಡಕ್ಕೆ ಬಲಕ್ಕೆ ಅಲುಗಿಸಿ ಸಡಿಲ ಮಾಡುತ್ತಿದ್ದ. ಕೆಲಸ ಬಲ್ಲವನು. ಇಕ್ಕಳ ಹಿಡಿದ ಕೈ ನಡುಗುತ್ತಿರಲಿಲ್ಲ.

ಸೊಸೆ ಹೊಡೆದಳು. ಮೊದಲ ಏಟು ಹೆಗಲಿಗೆ, ಎರಡನೆಯದು ಹುಬ್ಬಿಗೆ. ಕೋಲು ಮುರಿಯಿತು. ಮುರಿದ ತುಂಡು ಎಸೆದು ಮುಷ್ಟಿಯಲ್ಲಿ ಗುದ್ದಿದಳು, ಕೂದಲು ಹಿಡಿದು ಹಿಂದಕ್ಕೆಳೆದು ಬಾಯಿಗೆ ಗುದ್ದಿದಳು. ಒದ್ದೆ ಪಂಚೆಗಳಿಗೆ, ಕವುಚಿದ ಬಟ್ಟಲಿಗೆ, ಅಸ್ಥಿಪಂಜರದ ಹಾಗೆ ನಿಂತ ಸೋಫಾಗಳಿಗೆ, ಅತ್ತೆಯ ಮುಖಕ್ಕೆ ಬಿದ್ದ ತಟ್ಟೆಗೆ, ಗಂಡನ ಕಿವಿಗೆ, ಎಲ್ಲಕ್ಕೂ ಸೇರಿಸಿ ಹೊಡೆದಳು. ಹೊಡೆಯುವಾಗ ಮೈಗೆ ಹಿತವಾಗಿತ್ತು. ಇದನ್ನು ಅವಳು ಆಮೇಲೆ ಯಾರಿಗೂ ಹೇಳಲಿಲ್ಲ, ಆದರೆ ಹಿತವಾಗಿದ್ದಂತೂ ನಿಜ. ಕೆಳಗಿನಿಂದ ಗಂಡ ಓಡಿ ಬಂದು ಸೊಂಟಕ್ಕೆ ಕೈ ಹಾಕಿ ಎಳೆಯದಿದ್ದರೆ ಮುದುಕ ಉಳಿಯುತ್ತಿರಲಿಲ್ಲ.

ಮುದುಕ ಎರಡೂ ತೋಳುಗಳಿಂದ ತಲೆ ಮುಚ್ಚಿಕೊಂಡಿದ್ದ. ಏಟು ನಿಂತಿತೆಂದು ಖಾತ್ರಿಯಾದ ಮೇಲೆ ತೋಳು ಸರಿಸಿದ. ತುಟಿ ಸೀಳಿತ್ತು.

"ಮೊಳೆ ಕಿತ್ತರೆ ನೋವು ಹೋಗುತ್ತೆ ಅಂತ ಕಣಮ್ಮ" ಅಂದ. "ನಾನೇ ಮುರಿದದ್ದಂತೆ. ಮಗು ಹೇಳಿತು. ನಾನೇ ಅಲ್ವಾ ಸರಿ ಮಾಡಬೇಕು."

ಗಂಡ ನಾಯಿಯನ್ನು ಎತ್ತಿಕೊಂಡು ಓಡಿದ. ದಾರಿಯಲ್ಲಿ ಕಾಲೇಜಿನ ಗೇಟಿನ ಹತ್ತಿರ ಮಗಳನ್ನೂ ಆಟೋಗೆ ಹತ್ತಿಸಿಕೊಂಡ. ಸೊಸೆ ಮುದುಕನನ್ನು ಗೋಡೆಗೊರಗಿಸಿ ಕೂರಿಸಿ, ಹುಬ್ಬು ತೊಳೆದು ಔಷಧಿ ಹಚ್ಚಿದಳು, ತುಟಿಗೆ ತಣ್ಣೀರ ಬಟ್ಟೆ ಒತ್ತಿದಳು. ನೆಲದ ರಕ್ತ ಒರೆಸಿದಳು. ಯಾವುದು ನಾಯಿಯದು, ಯಾವುದು ಮಾವನದು ಎಂದು ಗೊತ್ತಾಗಲಿಲ್ಲ. ಬಟ್ಟೆ ಹಿಂಡುವಾಗ ಗೆಣ್ಣುಗಳು ಉರಿದವು, ನೋಡಿದರೆ ಅವನ ಹಲ್ಲಿನ ಗಾಯ. ಅಲ್ಲೇ ಬಚ್ಚಲಲ್ಲಿ ಕೂತು ಬಿಕ್ಕಿ ಬಿಕ್ಕಿ ಅತ್ತಳು.

ಸಂಜೆಗೆ ಅಪ್ಪ ಮಗಳು ಬರಿಗೈಯಲ್ಲಿ ಬಂದರು. ನಾಯಿ ಅಲ್ಲೇ ಇದೆ, ಜೀವಕ್ಕೆ ಭಯವಿಲ್ಲ, ನಾಳೆ ಬೆಳಗ್ಗೆ ಕಾಲು ತೆಗೆಯುತ್ತಾರೆ ಎಂದ ಗಂಡ. ತಾತ ಏನು ಮಾಡಿದ, ಏನು ಹೇಳಿದ ಎಂದು ಅವನು ದಾರಿಯಲ್ಲೇ ಮಗಳಿಗೆ ಹೇಳಿದ್ದ. ಹುಡುಗಿ ಬೆಳಗ್ಗೆ ಹೆಣೆದ ಜಡೆ ಬಿಚ್ಚಿಹೋಗಿತ್ತು, ಕಣ್ಣು ಊದಿತ್ತು. ಅವಳು ಯಾರ ಮೇಲೂ ಕೂಗಾಡಲಿಲ್ಲ. ಬೈದಿದ್ದರೆ ವಾಸಿಯಿತ್ತು ಅನಿಸಿತು ಸೊಸೆಗೆ.

ಒಲೆಯ ಮೇಲೆ ಗಂಜಿ ಕುದಿಯುತ್ತಿತ್ತು. ಸೊಸೆ ಒಳಗೆ ಹೋಗಿ ತನ್ನ ಹಾಸಿಗೆ ಸುತ್ತತೊಡಗಿದಳು. ಗಂಡ ಬಾಗಿಲಿಗೆ ಬಂದು ನಿಂತ.

"ಏನಿದು ಹುಚ್ಚಾಟ? ನಾಳೆಗೆ ಅವನಿಗೆ ನೆನಪೂ ಇರಲ್ಲ."

"ನನಗಿರುತ್ತೆ."

"ಬಿಡೇ. ಯಾರಾಗಿದ್ದರೂ ಹೊಡೀತಿದ್ದರು."

"ನೀವೂ ಹಾಗೇ ಅಂದ್ಕೊಂಡಿದ್ರಿ. ನಾನು ಬಿಟ್ನಾ?"

ಅವನು ದಾರಿ ಬಿಟ್ಟ. ಸೊಸೆ ಗಂಜಿಯ ಲೆಕ್ಕ ಹೇಳಿದಳು. ಉಪ್ಪು ಎಷ್ಟು, ಮಾತ್ರೆ ಯಾವ ಹೊತ್ತಿಗೆ, ಬಚ್ಚಲಿಗೆ ಯಾವಾಗ. ನುಂಗಿದ ಮೇಲೂ ಬಾಯಿ ತೆರೆಸಿ ನೋಡಬೇಕು, ಕೆನ್ನೆಯಲ್ಲಿ ಅಡಗಿಸಿಕೊಳ್ಳುತ್ತಾರೆ ಎಂದಳು. ಹಾಸಿಗೆ ಕಂಕುಳಲ್ಲಿಟ್ಟುಕೊಂಡು ಎರಡು ಮೆಟ್ಟಿಲು ಇಳಿದಿದ್ದಳು, ಪಡಸಾಲೆಯಿಂದ ಮುದುಕನ ದನಿ ಕೇಳಿತು. ಅವನು ಊದಿದ ಹುಬ್ಬು ಮುಟ್ಟಿಕೊಂಡು ಮೊಮ್ಮಗಳನ್ನು ಕೇಳುತ್ತಿದ್ದ.

"ಯಾರು ಮಗು ನನ್ನನ್ನ ಹೊಡೆದದ್ದು?"

ಸೊಸೆ ನಿಂತಳು. ಹುಡುಗಿ ದಿನಾ ಬೆಳಗ್ಗೆ ಮುಲಾಜಿಲ್ಲದೆ ನಿಜ ಹೇಳಿದವಳು, ಈಗಲೂ ಹೇಳುತ್ತಾಳೆ ಎಂದುಕೊಂಡಳು.

"ಯಾರೂ ಹೊಡೆದಿಲ್ಲ ತಾತ. ನೀನು ಬಿದ್ದೆ. ಬಚ್ಚಲಲ್ಲಿ ಜಾರಿ ಬಿದ್ದೆ."

ಅತ್ತೆ ಮೂವತ್ತು ವರ್ಷ ಬೀದಿಯ ಹೆಂಗಸರಿಗೆಲ್ಲ ಹೇಳಿದ್ದು ಇದೇ ಮಾತು, ಇಷ್ಟೇ ಮೆತ್ತಗೆ. ಮಗಳು ಅಜ್ಜಿಯ ಬಾಯಲ್ಲಿ ಇದನ್ನು ಕೇಳಿದವಳಲ್ಲ. ಯಾರೂ ಕಲಿಸದೆ ಅದು ಅವಳ ಬಾಯಿಗೆ ತಾನಾಗಿ ಬಂದಿತ್ತು, ಅದೂ ತನ್ನ ತಾಯಿಯನ್ನು ಉಳಿಸಲು. ಸೊಸೆ ಹಾಸಿಗೆಯನ್ನು ಮೆಟ್ಟಿಲ ಮೇಲೆಯೇ ಬಿಟ್ಟು ಹಿಂದಕ್ಕೆ ಹತ್ತಿದಳು. ಮುದುಕನ ಮುಂದೆ ಮಂಡಿಯೂರಿ ಕೂತಳು.

"ಬಿದ್ದದ್ದಲ್ಲ ಮಾವ. ನಾನು ಹೊಡೆದೆ."

"ಅಮ್ಮ" ಎಂದು ತಡೆಯಲು ಬಂದಳು ಮಗಳು. ಸೊಸೆ ಅವಳ ಕೈ ಸರಿಸಿದಳು.

"ಕೋಲು ಮುರಿಯೋ ತನಕ ಹೊಡೆದೆ. ಆಮೇಲೆ ಕೈಯಲ್ಲೂ ಹೊಡೆದೆ."

ಮುದುಕ ಅವಳನ್ನು ನೋಡಿದ. ಕಣ್ಣಲ್ಲಿ ಏನೋ ಹೊತ್ತಿಕೊಂಡಿತು, ಹಳೆಯ ದೊಡ್ಡ ಮೇಸ್ತ್ರಿ ಎದ್ದು ಕೂತ. ಬಲಗೈ ಮೇಲೆದ್ದಿತು. ಗಂಡ ಅಡುಗೆಮನೆಯಿಂದ ನುಗ್ಗಿದವನು, ಅವಳು ಬೇಡವೆಂದು ತಲೆಯಾಡಿಸಿದ್ದಕ್ಕೆ ಅಲ್ಲೇ ನಿಂತ. ಅವಳು ಮುಖ ತಿರುಗಿಸಲಿಲ್ಲ, ಬೀಳಲಿ ಎಂದೇ ಕಾದಳು, ಬಿದ್ದರೆ ಒಂದಿಷ್ಟು ಹಗುರವಾಗುತ್ತೇನೆ ಎಂದುಕೊಂಡಳು. ಕೈ ಗಾಳಿಯಲ್ಲೇ ನಿಂತಿತು. ಯಾಕೆ ಎತ್ತಿದೆನೆಂದು ಮುದುಕನಿಗೆ ಮರೆತುಹೋಗಿತ್ತು. ಅವನು ಆ ಕೈಯನ್ನೇ ಒಮ್ಮೆ ನೋಡಿ, ಕೆಳಗಿಳಿಸಿ, ಗಂಜಿ ಆಯಿತೇ ಎಂದು ಕೇಳಿದ.

ಗಂಡ ಗಂಜಿಗೆ ಉಪ್ಪು ಹಾಕಿ ತಂದ. ಮಗಳು ಚಮಚ ಇಸಕೊಂಡು, ಸೀಳಿದ ತುಟಿಗೆ ತಾಗದ ಹಾಗೆ, ಆರಿಸಿ ಆರಿಸಿ ಕುಡಿಸತೊಡಗಿದಳು. ಸೊಸೆ ಎದ್ದು ಹೋಗಿ ಹಾಸಿಗೆ ಎತ್ತಿಕೊಂಡು ಮೆಟ್ಟಿಲಿಳಿದಳು. ಶೆಡ್ಡಿನಲ್ಲಿ ಮರದ ಹೊಟ್ಟು ಸರಿಸಿ ಬೆಂಚಿನ ಪಕ್ಕ ಹಾಸಿಕೊಂಡು ಕೂತಳು. ಮೇಲೆ ಕರೆಯುವುದು ಇಷ್ಟು ವರ್ಷ ಅವಳ ಕೆಲಸವಾಗಿತ್ತು. ಅವಳನ್ನು ಕರೆಯಬೇಕಾದವರು ಯಾರೆಂದು ಆ ಕಾನೂನಿನಲ್ಲಿ ಎಲ್ಲೂ ಇರಲಿಲ್ಲ.